ವೇಗದ ದೋಣಿಗಳ ಎಂಜಿನ್‌ಗೆ ಸಿಂಥೆಟಿಕ್ ತೈಲ: ಆಯ್ಕೆಯ ಕ್ರಮ ಮತ್ತು ವೆಚ್ಚದ ಲೆಕ್ಕ

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹಾಗೂ ಮುರ್ಡೇಶ್ವರದಿಂದ ನೇತ್ರಾಣಿಗೆ ಪ್ರವಾಸಿಗರನ್ನು ಕರೆದೊಯ್ಯುವ ವೇಗದ ದೋಣಿಗಳು ಇಂದು ಕರಾವಳಿಯ ಸಣ್ಣ ಉದ್ದಿಮೆಗಳ ಸಾಲಿಗೆ ಸೇರಿವೆ. ಇಂತಹ ದೋಣಿಯ ಬಂಡವಾಳದಲ್ಲಿ ದೊಡ್ಡ ಪಾಲು ಅದರ ಹಿಂಬದಿಯಲ್ಲಿ ಜೋಡಿಸಿರುವ ಔಟ್‌ಬೋರ್ಡ್ ಎಂಜಿನ್ನಿನದು. ಅನೇಕ ಲಕ್ಷ ರೂಪಾಯಿ ಬೆಲೆಯ ಈ ಯಂತ್ರದ ಆಯುಷ್ಯವು ಅದಕ್ಕೆ ಹಾಕುವ ಕೀಲೆಣ್ಣೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ಹೀಗಿದ್ದರೂ ತೈಲದ ಖರೀದಿಯು ಹೆಚ್ಚಿನ ಸಂದರ್ಭಗಳಲ್ಲಿ ಡಬ್ಬಿಯ ಬೆಲೆ, ಅಂಗಡಿಯವರ ಶಿಫಾರಸು ಅಥವಾ ‘ಸಿಂಥೆಟಿಕ್’ ಎಂಬ ಒಂದು ಪದದ ಆಧಾರದ ಮೇಲೆಯೇ ನಡೆಯುತ್ತದೆ. ದೋಣಿ ನಡೆಸುವವರಿಗೂ ತೈಲ ಮಾರುವ ವರ್ತಕರಿಗೂ ಉಪಯುಕ್ತವಾಗುವಂತೆ ಈ ಆಯ್ಕೆಯ ಸರಿಯಾದ ಕ್ರಮವನ್ನು ಮುಂದೆ ವಿವರಿಸಲಾಗಿದೆ.

ಕಾರಿನ ಎಂಜಿನ್‌ಗಿಂತ ಭಿನ್ನವಾದ ದುಡಿಮೆ

ನಾಲ್ಕು ಸ್ಟ್ರೋಕಿನ ಔಟ್‌ಬೋರ್ಡ್ ಎಂಜಿನ್ ರಚನೆಯಲ್ಲಿ ಕಾರಿನ ಎಂಜಿನ್ನನ್ನು ಹೋಲುತ್ತದೆ. ಆದರೆ ಇವೆರಡರ ದುಡಿಮೆಯ ರೀತಿ ಬೇರೆ ಬೇರೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವ ಕಾರು ತನ್ನ ಎಂಜಿನ್ನಿನ ಶಕ್ತಿಯ ಸ್ವಲ್ಪ ಭಾಗವನ್ನು ಮಾತ್ರ ಬಳಸುತ್ತದೆ. ಇಳಿಜಾರಿನಲ್ಲಿ ಅದಕ್ಕೆ ವಿಶ್ರಾಂತಿಯೂ ದೊರೆಯುತ್ತದೆ. ನೀರಿನಲ್ಲಿ ಇಳಿಜಾರು ಎಂಬುದಿಲ್ಲ. ದೋಣಿಯು ಪ್ರತಿ ಕ್ಷಣವೂ ನೀರಿನ ತಡೆಯನ್ನು ಎದುರಿಸಿಯೇ ಮುಂದೆ ಸಾಗಬೇಕು. ಬಹುತೇಕ ದೊಡ್ಡ ಔಟ್‌ಬೋರ್ಡ್‌ಗಳ ಪೂರ್ಣ ವೇಗದ ಮಿತಿ ನಿಮಿಷಕ್ಕೆ 5,000ದಿಂದ 6,000 ಸುತ್ತುಗಳಷ್ಟಿದ್ದು, ಪ್ರವಾಸಿ ದೋಣಿಗಳು ದಿನದ ಬಹುಪಾಲು ಈ ಮಿತಿಗೆ ಸಮೀಪದಲ್ಲಿಯೇ ಓಡುತ್ತವೆ.

ಎರಡನೆಯ ವ್ಯತ್ಯಾಸವು ತಂಪುಗೊಳಿಸುವ ವ್ಯವಸ್ಥೆಗೆ ಸಂಬಂಧಿಸಿದೆ. ಔಟ್‌ಬೋರ್ಡ್ ಎಂಜಿನ್ ಸಮುದ್ರದ ನೀರನ್ನೇ ಎಳೆದುಕೊಂಡು, ತನ್ನೊಳಗೆ ಹಾಯಿಸಿ ಹೊರಬಿಡುತ್ತದೆ. ಇದರಿಂದ ಸಿಲಿಂಡರಿನ ಗೋಡೆಗಳು ಕಾರಿನ ಎಂಜಿನ್ನಿಗಿಂತ ತಂಪಾಗಿರುತ್ತವೆ. ಎಂಜಿನ್ನನ್ನು ನಿಧಾನಗತಿಯಲ್ಲಿ ಬಹಳ ಹೊತ್ತು ಓಡಿಸಿದಾಗ ಪೂರ್ತಿ ಉರಿಯದ ಪೆಟ್ರೋಲ್ ಪಿಸ್ಟನ್ ಬಳೆಗಳ ಪಕ್ಕದಿಂದ ಇಳಿದು ತೈಲದೊಡನೆ ಬೆರೆಯುತ್ತದೆ. ಅಳತೆ ಕಡ್ಡಿಯಲ್ಲಿ ತೈಲದ ಮಟ್ಟ ಇಳಿಯುವ ಬದಲು ಏರಿದಂತೆ ಕಂಡರೆ ಅದು ಸಂತೋಷಪಡಬೇಕಾದ ಸಂಗತಿಯಲ್ಲ. ತೈಲ ತೆಳುವಾಗುತ್ತಿದೆ ಎಂಬುದರ ಸೂಚನೆ. ತೈಲ ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿದೆ ಎಂದರ್ಥ. ಆಗ ಎಂಜಿನ್ನನ್ನು ಓಡಿಸದೆ ಕಾರಣವನ್ನು ಪತ್ತೆ ಮಾಡಬೇಕು.

ಮೂರನೆಯದು ಉಪ್ಪಿನ ಗಾಳಿ ಹಾಗೂ ಮಳೆಗಾಲದ ಬಿಡುವು. ರಾಜ್ಯದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಕಡಲು ಪ್ರಕ್ಷುಬ್ಧವಾಗಿರುವ ಮಳೆಗಾಲದಲ್ಲಿ ಪ್ರವಾಸಿ ದೋಣಿಗಳೂ ದಡ ಸೇರುತ್ತವೆ. ತಿಂಗಳುಗಟ್ಟಲೆ ನಿಂತ ಎಂಜಿನ್ನಿನ ಒಳಭಾಗದಲ್ಲಿ ತೇವಾಂಶವು ತುಕ್ಕಿಗೆ ಎಡೆಮಾಡಿಕೊಡುತ್ತದೆ. ಆದುದರಿಂದ ದೋಣಿಯ ತೈಲಕ್ಕೆ ಸವೆತವನ್ನು ತಡೆಯುವ ಗುಣದಷ್ಟೇ ತುಕ್ಕನ್ನು ತಡೆಯುವ ಗುಣವೂ ಮುಖ್ಯ.

ಮೊದಲ ಪರೀಕ್ಷೆ: ಪ್ರಮಾಣೀಕರಣ

ಈ ಅಗತ್ಯಗಳನ್ನು ಗಮನಿಸಿ ಅಮೆರಿಕದ ರಾಷ್ಟ್ರೀಯ ಸಾಗರ ತಯಾರಕರ ಸಂಘವು (ಎನ್‌ಎಂಎಂಎ) ಎರಡು ಪ್ರಮಾಣಗಳನ್ನು ರೂಪಿಸಿದೆ. ಎರಡು ಸ್ಟ್ರೋಕಿನ, ನೀರಿನಿಂದ ತಂಪಾಗುವ ಎಂಜಿನ್‌ಗಳಿಗೆ ‘ಟಿಸಿ-ಡಬ್ಲ್ಯೂ3’ ಹಾಗೂ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಎಂಜಿನ್‌ಗಳಿಗೆ ‘ಎಫ್‌ಸಿ-ಡಬ್ಲ್ಯೂ’. ಎಫ್‌ಸಿ-ಡಬ್ಲ್ಯೂ ಮುದ್ರೆ ಪಡೆಯಲು ತೈಲವು ಸ್ನಿಗ್ಧತೆ, ತುಕ್ಕು ನಿರೋಧ, ಫಿಲ್ಟರ್ ಕಟ್ಟಿಕೊಳ್ಳದಿರುವಿಕೆ, ನೊರೆಯೇಳದಿರುವಿಕೆ ಮುಂತಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗುವುದರ ಜೊತೆಗೆ ಎಂಜಿನ್ನಿನಲ್ಲಿ 100 ಗಂಟೆಗಳ ಓಟದ ಪರೀಕ್ಷೆಯನ್ನೂ ಎದುರಿಸಬೇಕಾಗುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಅಳವಡಿಸಿದ ಎಂಜಿನ್‌ಗಳಿಗಾಗಿ ಇದರದೇ ಪ್ರತ್ಯೇಕ ವರ್ಗವೊಂದಿದೆ.

ಈ ಎರಡು ಪ್ರಮಾಣಗಳನ್ನು ಒಂದಕ್ಕೊಂದು ಬದಲಾಯಿಸುವಂತಿಲ್ಲ. ಟಿಸಿ-ಡಬ್ಲ್ಯೂ3 ತೈಲವು ಪೆಟ್ರೋಲಿನೊಡನೆ ಬೆರೆತು ಉರಿದುಹೋಗುವಂಥದು. ಎಫ್‌ಸಿ-ಡಬ್ಲ್ಯೂ ತೈಲವು ಎಂಜಿನ್ನಿನೊಳಗೆ ಉಳಿದು ಸುತ್ತುತ್ತಿರುವಂಥದು. ಮೋಟಾರು ಸೈಕಲ್ಲಿಗೆ ಮಾರುವ ಎರಡು ಸ್ಟ್ರೋಕಿನ ತೈಲಗಳನ್ನು ಗಾಳಿಯಿಂದ ತಂಪಾಗುವ ಎಂಜಿನ್‌ಗಳಿಗೆಂದು ತಯಾರಿಸಲಾಗಿರುತ್ತದೆ. ಅವುಗಳಲ್ಲಿ ಬೂದಿ ಉಳಿಸುವ ಅಂಶಗಳಿರುತ್ತವೆ. ಟಿಸಿ-ಡಬ್ಲ್ಯೂ3 ಬೂದಿರಹಿತ ತೈಲ. ಇವನ್ನು ಅದಲುಬದಲು ಮಾಡಿದರೆ ಪಿಸ್ಟನ್ ಹಾಗೂ ಸ್ಪಾರ್ಕ್ ಪ್ಲಗ್‌ಗಳ ಮೇಲೆ ಮಡ್ಡಿ ಕಟ್ಟುವ ಸಂಭವವಿದೆ.

ಇದೇ ರೀತಿ ‘ಜಾಸೊ ಎಂಎ’ ಮುದ್ರೆಯ ಬೈಕ್ ತೈಲವು ತೈಲದಲ್ಲಿ ಮುಳುಗಿರುವ ಕ್ಲಚ್ಚಿಗಾಗಿ ರೂಪಿಸಿದ್ದು. ಔಟ್‌ಬೋರ್ಡಿನಲ್ಲಿ ಅಂತಹ ಕ್ಲಚ್ ಇಲ್ಲ. ಕಾರಿನ ತೈಲಗಳಿಗಾಗಿ 2020ರಲ್ಲಿ ಬಂದ ‘ಎಪಿಐ ಎಸ್‌ಪಿ’ ಶ್ರೇಣಿಯು ಉತ್ತಮವಾದುದೇ. ಆದರೆ ಅದು ಕಾರಿನ ದುಡಿಮೆಯನ್ನು ಆಧರಿಸಿದ ಶ್ರೇಣಿಯಾದುದರಿಂದ, ಅದೊಂದರಿಂದಲೇ ತೈಲವು ಕಡಲಿಗೆ ಯೋಗ್ಯವೆಂದು ಸಿದ್ಧವಾಗುವುದಿಲ್ಲ. ಡೀಸೆಲ್ ಎಂಜಿನ್ ಇರುವ ದೋಣಿಗಳಿಗೆ ಎಫ್‌ಸಿ-ಡಬ್ಲ್ಯೂ ಅನ್ವಯಿಸುವುದಿಲ್ಲ. ಅಲ್ಲಿ ತಯಾರಕರು ಸೂಚಿಸಿದ ಸಿಐ-4, ಸಿಕೆ-4 ಮೊದಲಾದ ಡೀಸೆಲ್ ಶ್ರೇಣಿಗಳನ್ನೇ ಅನುಸರಿಸಬೇಕು.

ಎರಡನೆಯ ಪರೀಕ್ಷೆ: ಸ್ನಿಗ್ಧತೆಯ ದರ್ಜೆ

ಪ್ರಮಾಣೀಕರಣ ಖಚಿತವಾದ ಮೇಲೆ ದರ್ಜೆಯನ್ನು ನೋಡಬೇಕು. ‘10ಡಬ್ಲ್ಯೂ-30’ ಎಂಬಲ್ಲಿ ಮೊದಲ ಅಂಕಿಯು ಚಳಿಯಲ್ಲಿ ತೈಲ ಹರಿಯುವ ಸಾಮರ್ಥ್ಯವನ್ನೂ ಎರಡನೆಯದು ಬಿಸಿಯಾದಾಗ ಉಳಿಯುವ ದಪ್ಪವನ್ನೂ ಸೂಚಿಸುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರ ದರ್ಜೆಯ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್‌ವರೆಗೂ, 40ರ ದರ್ಜೆಯದು 12.5ರಿಂದ 16.3ರವರೆಗೂ ಇರುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಮೊದಲ ಅಂಕಿ ಚಿಕ್ಕದಾಗಿದ್ದಷ್ಟೂ ಲಾಭ. ಮಂಗಳೂರು ಅಥವಾ ಕಾರವಾರದ ಹವೆಯಲ್ಲಿ ಆ ಲಾಭವಿಲ್ಲ. ಇಲ್ಲಿ 0ಡಬ್ಲ್ಯೂ ಅಥವಾ 5ಡಬ್ಲ್ಯೂ ತೈಲಕ್ಕಾಗಿ ಹೆಚ್ಚಿನ ಹಣ ತೆರುವುದರಿಂದ ಎಂಜಿನ್‌ಗೆ ವಿಶೇಷ ಪ್ರಯೋಜನವಾಗುವುದಿಲ್ಲ. ಎರಡು ಅಂಕಿಗಳ ನಡುವಿನ ಅಂತರ ಹೆಚ್ಚಿದಷ್ಟೂ ತೈಲದಲ್ಲಿ ಪಾಲಿಮರ್ ಸೇರ್ಪಡೆ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಸತತ ವೇಗದ ಓಟದಲ್ಲಿ ಈ ಪಾಲಿಮರ್ ತುಂಡಾಗಿ ತೈಲ ತೆಳುವಾಗುತ್ತದೆ. ಕೆಲವು ತಯಾರಕರು ತಮ್ಮ ದೊಡ್ಡ ಎಂಜಿನ್‌ಗಳಿಗೆ 25ಡಬ್ಲ್ಯೂ-40 ದರ್ಜೆಯನ್ನು ಸೂಚಿಸಿರುವುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬಹುದು. ಇನ್ನು ಕೆಲವರು 10ಡಬ್ಲ್ಯೂ-30 ಅಥವಾ 10ಡಬ್ಲ್ಯೂ-40 ಸೂಚಿಸುತ್ತಾರೆ. ಈ ವಿಷಯದಲ್ಲಿ ಎಂಜಿನ್ನಿನ ಕೈಪಿಡಿಯೇ ಅಂತಿಮ ಪ್ರಮಾಣ. ದಪ್ಪವಾದಷ್ಟೂ ಒಳ್ಳೆಯದೆಂಬ ನಂಬಿಕೆಗೆ ಆಧಾರವಿಲ್ಲ.

ಮೂರನೆಯ ಪರೀಕ್ಷೆ: ಮೂಲತೈಲ

‘ಸಿಂಥೆಟಿಕ್’ ಎಂಬ ಪದದ ವಿಚಾರಣೆ ಬರಬೇಕಾದುದು ಈ ಹಂತದಲ್ಲಿ. ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆಯು (ಎಪಿಐ) ಮೂಲತೈಲಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಒಂದು ಮತ್ತು ಎರಡನೆಯ ಗುಂಪುಗಳು ಸಾಮಾನ್ಯ ಖನಿಜ ತೈಲಗಳು. ಮೂರನೆಯದು ಕಚ್ಚಾ ತೈಲದಿಂದಲೇ ಬಂದಿದ್ದರೂ ಹೈಡ್ರೋಜನ್ ಪ್ರಕ್ರಿಯೆಯಿಂದ ಬಹುವಾಗಿ ಶುದ್ಧೀಕರಿಸಿದ್ದು. ಇದರ ಸ್ನಿಗ್ಧತಾ ಸೂಚ್ಯಂಕ 120 ಅಥವಾ ಅದಕ್ಕಿಂತ ಹೆಚ್ಚು. ನಾಲ್ಕನೆಯದು ಪಾಲಿಆಲ್ಫಾಓಲಿಫಿನ್. ಎಸ್ಟರ್‌ಗಳೂ ಸೇರಿದಂತೆ ಉಳಿದವೆಲ್ಲ ಐದನೆಯ ಗುಂಪಿಗೆ ಸೇರುತ್ತವೆ.

ಮೂರನೆಯ ಗುಂಪಿನ ತೈಲವನ್ನು ‘ಸಿಂಥೆಟಿಕ್’ ಎಂದು ಮಾರಬಹುದೇ ಎಂಬ ವಿಷಯದಲ್ಲಿ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪನಿಗಳ ನಡುವೆ ವಿವಾದವೆದ್ದಿತ್ತು. 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿಯ ನಿರ್ಣಯ ಕ್ಯಾಸ್ಟ್ರಾಲ್ ಪರವಾಗಿ ಬಂದಿತು. ಅಂದಿನಿಂದ ಈ ಪದವು ತೈಲದ ಮೂಲವನ್ನು ಖಚಿತವಾಗಿ ತಿಳಿಸುವ ಪದವಾಗಿ ಉಳಿದಿಲ್ಲ. ಅಂದರೆ ಒಂದೇ ಹೆಸರಿನ ಎರಡು ಡಬ್ಬಿಗಳಲ್ಲಿ ಬೇರೆ ಬೇರೆ ಮೂಲತೈಲಗಳಿರಬಹುದು. ‘ಸೆಮಿ ಸಿಂಥೆಟಿಕ್’ ಎಂಬಲ್ಲಿ ಮಿಶ್ರಣದ ಪ್ರಮಾಣವೂ ಡಬ್ಬಿಯಿಂದ ತಿಳಿಯುವುದಿಲ್ಲ.

ಹಾಗೆಂದು ಸಿಂಥೆಟಿಕ್ ತೈಲದ ಗುಣ ಕಾಲ್ಪನಿಕವಲ್ಲ. ಅದು ಶಾಖದಲ್ಲಿ ಬೇಗನೆ ಕೆಡುವುದಿಲ್ಲ, ಕಡಿಮೆ ಆವಿಯಾಗುತ್ತದೆ, ಕಡಿಮೆ ಪಾಲಿಮರ್‌ನಿಂದಲೇ ಬೇಕಾದ ದರ್ಜೆಯನ್ನು ತಲುಪುತ್ತದೆ. ಸೂಪರ್‌ಚಾರ್ಜರ್ ಇರುವ ಎಂಜಿನ್‌ಗಳಲ್ಲಿ ಹಾಗೂ ದಿನವಿಡೀ ಪೂರ್ಣ ವೇಗದ ಸಮೀಪ ಓಡುವ ದೋಣಿಗಳಲ್ಲಿ ಈ ಗುಣಗಳಿಗೆ ಬೆಲೆಯಿದೆ. ವಾರಕ್ಕೊಮ್ಮೆ ನಿಧಾನವಾಗಿ ಓಡುವ ಸಣ್ಣ ದೋಣಿಗೆ ಎಫ್‌ಸಿ-ಡಬ್ಲ್ಯೂ ಮುದ್ರೆಯ ಖನಿಜ ತೈಲವೇ ಸಾಕು. ಮುದ್ರೆಯಿಲ್ಲದ ಸಿಂಥೆಟಿಕ್ ತೈಲಕ್ಕಿಂತ ಮುದ್ರೆಯಿರುವ ಖನಿಜ ತೈಲವೇ ದೋಣಿಗೆ ಸುರಕ್ಷಿತ.

ವೆಚ್ಚದ ಲೆಕ್ಕ

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. 150 ಅಶ್ವಶಕ್ತಿಯ ಎಂಜಿನ್ನಿನ ಬೆಲೆ ₹15 ಲಕ್ಷ, ಅದರ ಆಯುಷ್ಯ 3,000 ಗಂಟೆ, ಒಂದು ಋತುವಿನ ಓಟ 600 ಗಂಟೆ ಎಂದು ಇಟ್ಟುಕೊಳ್ಳೋಣ. ಪ್ರತಿ 100 ಗಂಟೆಗೆ 6 ಲೀಟರಿನಂತೆ ಋತುವಿಗೆ 36 ಲೀಟರ್ ತೈಲ ಬೇಕು. ತೆರಿಗೆ ಸೇರಿ ಖನಿಜ ತೈಲ ಲೀಟರಿಗೆ ₹450, ಸಿಂಥೆಟಿಕ್ ₹1,000 ಆದರೆ ಒಟ್ಟು ವೆಚ್ಚ ಕ್ರಮವಾಗಿ ₹16,200 ಮತ್ತು ₹36,000. ವ್ಯತ್ಯಾಸ ₹19,800, ಅಂದರೆ ಗಂಟೆಗೆ ₹33.

ಇದೇ ದೋಣಿ ಗಂಟೆಗೆ 25 ಲೀಟರ್ ಪೆಟ್ರೋಲ್ ಬಳಸಿದರೆ, ಲೀಟರಿಗೆ ₹100ರಂತೆ ಇಂಧನದ ವೆಚ್ಚವೇ ಗಂಟೆಗೆ ₹2,500. ತೈಲದ ಹೆಚ್ಚುವರಿ ವೆಚ್ಚ ಅದರ ಶೇ. 1.3ರಷ್ಟು ಮಾತ್ರ. ಎಂಜಿನ್ನಿನ ಬಂಡವಾಳ ಗಂಟೆಗೆ ₹500 ಬೀಳುತ್ತದೆ. ಅಸಮರ್ಪಕ ತೈಲದಿಂದ ಆಯುಷ್ಯ 2,500 ಗಂಟೆಗೆ ಇಳಿದರೆ ಅದು ₹600 ಆಗುತ್ತದೆ. ಗಂಟೆಗೆ ₹33 ಉಳಿಸಲು ಹೋಗಿ ₹100 ಕಳೆದುಕೊಂಡಂತಾಗುತ್ತದೆ. ಸರಿದೂಗುವ ಬಿಂದುವನ್ನು ಲೆಕ್ಕ ಹಾಕಿದರೆ ಸುಮಾರು 2,814 ಗಂಟೆ ಎಂದು ತಿಳಿಯುತ್ತದೆ. ಎಂದರೆ ಉತ್ತಮ ತೈಲವು ಎಂಜಿನ್ನಿನ ಆಯುಷ್ಯದಲ್ಲಿ ಶೇ. 6ಕ್ಕಿಂತ ಸ್ವಲ್ಪ ಹೆಚ್ಚಿನ ಭಾಗವನ್ನು ಕಾಪಾಡಿದರೆ ಅದರ ಹೆಚ್ಚುವರಿ ಬೆಲೆ ಮರಳಿ ಬಂದಂತೆ. ಪ್ರತಿಯೊಬ್ಬ ದೋಣಿ ಮಾಲೀಕರೂ ತಮ್ಮದೇ ಅಂಕಿಗಳನ್ನು ಈ ಲೆಕ್ಕಕ್ಕೆ ಹಾಕಿ ನೋಡಬೇಕು. ಓಟದ ಗಂಟೆಗಳು ಕಡಿಮೆಯಿದ್ದು, ಎಂಜಿನ್ ನಿಧಾನಗತಿಯದಾಗಿದ್ದರೆ ಉತ್ತರ ಬೇರೆಯಾಗಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಿಂಥೆಟಿಕ್ ಹಾಕಿದ್ದರಿಂದ 200 ಗಂಟೆ ಓಡಿಸಬಹುದೆಂಬ ವಾದದಿಂದ ಖರ್ಚನ್ನು ಸಮರ್ಥಿಸುವವರುಂಟು. ಹೆಚ್ಚಿನ ತಯಾರಕರು ಮೂಲತೈಲ ಯಾವುದೇ ಆಗಿದ್ದರೂ 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ತೈಲ ಬದಲಾಯಿಸಲು ಸೂಚಿಸುತ್ತಾರೆ. ಪೆಟ್ರೋಲ್ ಹಾಗೂ ತೇವಾಂಶ ಬೆರೆಯುವುದು ಸಿಂಥೆಟಿಕ್ ತೈಲದಲ್ಲಿಯೂ ತಪ್ಪದು. ಅವಧಿ ಮೀರಿದರೆ ವಾರಂಟಿಯ ಹಕ್ಕಿಗೂ ಧಕ್ಕೆ ಬರಬಹುದು.

ತೆರಿಗೆಯ ಅಂಶ

ಕೀಲೆಣ್ಣೆಯ ಮೇಲಿನ ಜಿಎಸ್‌ಟಿ ಶೇ. 18. ಹಡಗು, ದೋಣಿಗಳಿಗೆ ಸಂಬಂಧಿಸಿದ ಹೂಡುವಳಿ ತೆರಿಗೆ ಜಮೆಯನ್ನು ಜಿಎಸ್‌ಟಿ ಕಾಯಿದೆಯ 17(5)ನೆಯ ಕಲಮು ನಿರ್ಬಂಧಿಸಿದ್ದರೂ, ಪ್ರಯಾಣಿಕರ ಅಥವಾ ಸರಕಿನ ಸಾಗಾಟದಂತಹ ತೆರಿಗೆಗೊಳಪಟ್ಟ ಸೇವೆಗೆ ಬಳಸುವ ದೋಣಿಗಳಿಗೆ ವಿನಾಯಿತಿಯಿದೆ. ಪ್ರವಾಸಿಗರ ಸಾಗಾಟಕ್ಕೆ ತೆರಿಗೆ ಸಂಗ್ರಹಿಸುವ ನೋಂದಾಯಿತ ಉದ್ದಿಮೆದಾರರಿಗೆ ತೈಲದ ತೆರಿಗೆ ಜಮೆಯಾಗಿ ಸಿಕ್ಕರೆ, ಮೇಲಿನ ಉದಾಹರಣೆಯ ₹19,800ರ ವ್ಯತ್ಯಾಸವು ಸುಮಾರು ₹16,780ಕ್ಕೆ, ಅಂದರೆ ಗಂಟೆಗೆ ₹28ಕ್ಕೆ ಇಳಿಯುತ್ತದೆ. ತಾಜಾ ಮೀನಿನ ಮಾರಾಟಕ್ಕೆ ತೆರಿಗೆ ಇಲ್ಲದಿರುವುದರಿಂದ ಅದನ್ನೇ ಅವಲಂಬಿಸಿದ ದೋಣಿ ಮಾಲೀಕರಿಗೆ ಈ ಜಮೆ ದೊರೆಯದು. ಅವರಿಗೆ ತೆರಿಗೆಯೂ ವೆಚ್ಚವೇ. ಆದಾಯ ತೆರಿಗೆಯ ದೃಷ್ಟಿಯಿಂದ ತೈಲ ಬದಲಾವಣೆಯು ಆಯಾ ವರ್ಷದ ಕಂದಾಯ ವೆಚ್ಚವಾಗಿದೆ. ಕೆಟ್ಟ ಎಂಜಿನ್ನಿನ ಬದಲಿಗೆ ಕೊಂಡ ಹೊಸ ಎಂಜಿನ್ ಬಂಡವಾಳ ವೆಚ್ಚವೆಂದು ಪರಿಗಣಿತವಾದರೆ ಅದರ ಸವಕಳಿಯನ್ನು ಮಾತ್ರ ವರ್ಷವರ್ಷವೂ ಪಡೆಯಬೇಕಾಗುತ್ತದೆ.

ಪಾಲಿಸಬೇಕಾದ ಕ್ರಮ

1. ಎಂಜಿನ್ನಿನ ಕೈಪಿಡಿಯಲ್ಲಿ ಸೂಚಿಸಿದ ಪ್ರಮಾಣ ಮತ್ತು ದರ್ಜೆಯನ್ನು ಬರೆದಿಟ್ಟುಕೊಂಡು, ಅದರಂತೆಯೇ ಬೇಡಿಕೆ ಸಲ್ಲಿಸಬೇಕು.

2. ಡಬ್ಬಿಯ ಮೇಲೆ ಎಫ್‌ಸಿ-ಡಬ್ಲ್ಯೂ ಮುದ್ರೆ ಹಾಗೂ ನೋಂದಣಿ ಸಂಖ್ಯೆ ಇರುವುದನ್ನು ನೋಡಬೇಕು. ‘ದೋಣಿಗೂ ಯೋಗ್ಯ’ ಎಂಬ ಬರಹವು ಪ್ರಮಾಣೀಕರಣವಲ್ಲ.

3. ವರ್ತಕರು ಎರಡು ಸ್ಟ್ರೋಕ್ ಹಾಗೂ ನಾಲ್ಕು ಸ್ಟ್ರೋಕ್ ತೈಲಗಳನ್ನು ಪ್ರತ್ಯೇಕ ಕಪಾಟುಗಳಲ್ಲಿ ಇಡಬೇಕು. ಬಿಲ್ಲಿನಲ್ಲಿ ದರ್ಜೆ ಮತ್ತು ಬ್ಯಾಚ್ ಸಂಖ್ಯೆಯನ್ನು ನಮೂದಿಸುವುದು ಇಬ್ಬರಿಗೂ ರಕ್ಷಣೆ.

4. ತೈಲ ಬದಲಿಸಿದ ದಿನಾಂಕ, ಗಂಟೆ ಮೀಟರಿನ ಅಂಕಿ ಮತ್ತು ಬಿಲ್ಲನ್ನು ಒಂದು ಪುಸ್ತಕದಲ್ಲಿ ಇಡಬೇಕು. ವಾರಂಟಿ ಕೋರಿಕೆಗೂ ಲೆಕ್ಕ ಪರಿಶೋಧನೆಗೂ ಇದೇ ಆಧಾರ.

5. ಮಳೆಗಾಲದ ಬಿಡುವಿಗೆ ಮುನ್ನವೇ ಹಳೆಯ ತೈಲವನ್ನು ತೆಗೆದು ಹೊಸದನ್ನು ತುಂಬಬೇಕು. ಆಮ್ಲೀಯ ಅಂಶ ಹಾಗೂ ತೇವಾಂಶವಿರುವ ಹಳೆಯ ತೈಲ ಎಂಜಿನ್ನಿನಲ್ಲಿ ತಿಂಗಳುಗಟ್ಟಲೆ ನಿಲ್ಲಬಾರದು.

6. ಬಳಸಿದ ತೈಲವು ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ನೀರಿಗೆ ಚೆಲ್ಲದೆ ಅಧಿಕೃತ ಮರುಸಂಸ್ಕರಣೆಗೆ ಒಪ್ಪಿಸಬೇಕು. ಬಳಸಿದ ತೈಲದ ಬಗ್ಗೆ ಉತ್ಪಾದಕರ ಹೊಣೆಗಾರಿಕೆಯ ನಿಯಮಗಳು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ಪ್ರಮಾಣೀಕರಣ, ದರ್ಜೆ, ಮೂಲತೈಲ, ಬೆಲೆ ಎಂಬ ಈ ಕ್ರಮವನ್ನು ತಿರುವುಮುರುವು ಮಾಡದೆ ಅನುಸರಿಸಿದಲ್ಲಿ ದೋಣಿ ಮಾಲೀಕರ ಬಂಡವಾಳ ಸುರಕ್ಷಿತವಾಗಿರುತ್ತದೆ ಹಾಗೂ ವರ್ತಕರ ಮೇಲಿನ ಗ್ರಾಹಕರ ವಿಶ್ವಾಸವೂ ಉಳಿಯುತ್ತದೆ.