ಸೈಕಲ್ ಏರಿ ಹಳ್ಳಿಯ ಪಬ್‌ಗೆ: ಇಂಗ್ಲೆಂಡಿನ ಬೇಸಿಗೆಯ ಹಳೆಯ ರೂಢಿ

ಪಬ್ ಎಂದೊಡನೆ ನಮ್ಮವರ ಕಣ್ಣಮುಂದೆ ಬರುವುದು ಬೆಂಗಳೂರಿನ ಬಣ್ಣದ ದೀಪ ಮತ್ತು ಕಿವಿಗಡಚಿಕ್ಕುವ ಸಂಗೀತ. ಕಾಸರಗೋಡು ಕಡೆಯವರಿಗಾದರೆ ತೋಟದ ಅಂಚಿನ ಕಳ್ಳಿನ ಶಾಪು, ಅಲ್ಲಿನ ಮರಗೆಣಸು, ಮೀನು ಸಾರು ನೆನಪಾದೀತು. ಇಂಗ್ಲೆಂಡಿನ ಹಳ್ಳಿಯ ಪಬ್ ಇವೆರಡೂ ಅಲ್ಲ. 'ಪಬ್ಲಿಕ್ ಹೌಸ್' ಎಂಬುದೇ ಅದರ ಪೂರ್ತಿ ಹೆಸರು. ಅಂದರೆ ಎಲ್ಲರಿಗೂ ಬಾಗಿಲು ತೆರೆದ ಮನೆ. ನಮ್ಮ ಅರಳಿಕಟ್ಟೆಯನ್ನೂ ಚಹಾದಂಗಡಿಯನ್ನೂ ಒಂದೇ ಮಾಡಿನ ಕೆಳಗೆ ತಂದರೆ ಹೇಗೋ ಹಾಗೆ. ಬಿಯರ್ ಮುಟ್ಟದವರೂ ಊಟಕ್ಕೆ, ಹರಟೆಗೆ ಅಲ್ಲಿಗೆ ಹೋಗುತ್ತಾರೆ.

ಈ ಹಳೆಯ ಪಬ್‌ಗಳನ್ನು ಸೈಕಲ್ ಮೇಲೆ ಸುತ್ತಿ ನೋಡುವುದು ಅಲ್ಲಿನವರ ಬೇಸಿಗೆಯ ಖಯಾಲಿ. ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ ಮೇಲೆ ಸಂಜೆ ಉದ್ದವಾಗುತ್ತದೆ. ಜೂನ್‌ನಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಕಚೇರಿ ಮುಗಿಸಿ ಹತ್ತು ಮೈಲಿ ತುಳಿದು, ಒಂದು ಲೋಟ ಮುಗಿಸಿ, ಬೆಳಕಿರುವಾಗಲೇ ಮನೆ ಸೇರಬಹುದು.

ಸೈಕಲ್‌ಗೂ ಪಬ್‌ಗೂ ನಂಟು ಬೆಳೆದ ಕಥೆ ಸ್ವಾರಸ್ಯವಾಗಿದೆ. ಕುದುರೆ ಸಾರೋಟುಗಳ ಕಾಲದಲ್ಲಿ ಹೆದ್ದಾರಿಯ ಉದ್ದಕ್ಕೂ ಕುದುರೆ ಬದಲಿಸುವ, ಪ್ರಯಾಣಿಕರು ತಂಗುವ ಛತ್ರಗಳಂತಹ ಇನ್‌ಗಳಿದ್ದವು. 1840ರ ದಶಕದಲ್ಲಿ ರೈಲು ಹಬ್ಬಿದ ಮೇಲೆ ರಸ್ತೆಗಳು ಬರಿದಾದವು, ಇನ್‌ಗಳ ಲಾಯಗಳು ಖಾಲಿ ಬಿದ್ದವು. ಹೀಗೆ ಸೊರಗಿದ್ದ ಮನೆಗಳಿಗೆ ಮತ್ತೆ ಗಿರಾಕಿ ತಂದವರು ಸೈಕಲ್ ಸವಾರರು. ಮೊದಲು ಮುಂದಿನ ಚಕ್ರ ಆಳೆತ್ತರವಿದ್ದ ಸೈಕಲ್‌ನ ಸಾಹಸಿಗಳು ಬಂದರು. 1885ರಲ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮನಾದ ರೋವರ್ ಸೈಕಲ್, 1888ರಲ್ಲಿ ಡನ್‌ಲಪ್‌ನ ಗಾಳಿ ತುಂಬಿದ ಟಯರು ಬಂದ ಮೇಲೆ ಗುಮಾಸ್ತರು, ಅಂಗಡಿ ಹುಡುಗರು, ಹೆಂಗಸರು ಎಲ್ಲರೂ ಹೊರಟರು.

ಲಂಡನ್ನಿನವರ ಅಚ್ಚುಮೆಚ್ಚಿನ ದಾರಿ ಸರ್ರೆ ಜಿಲ್ಲೆಯ ರಿಪ್ಲಿ ಹಳ್ಳಿಯದು. ಅಲ್ಲಿನ 'ಆಂಕರ್' ಇನ್ ಸೈಕಲ್ ಸವಾರರ ಪಾಲಿಗೆ ಪುಣ್ಯಕ್ಷೇತ್ರವೇ ಆಗಿಹೋಗಿತ್ತು. ಎಚ್.ಜಿ. ವೆಲ್ಸ್ 1896ರಲ್ಲಿ ಬರೆದ 'ದಿ ವೀಲ್ಸ್ ಆಫ್ ಚಾನ್ಸ್' ಕಾದಂಬರಿಯಲ್ಲಿ ಜವಳಿ ಅಂಗಡಿಯ ನೌಕರನೊಬ್ಬ ರಜೆ ಹಾಕಿ ತುಳಿಯುವುದೂ ಇದೇ ರಸ್ತೆಯನ್ನೇ.

1878ರಲ್ಲಿ ಹುಟ್ಟಿ ಮುಂದೆ 'ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್' ಎಂದು ಹೆಸರಾದ ಸಂಘ, ತಾನು ಮೆಚ್ಚಿದ ಇನ್‌ಗಳ ಗೋಡೆಗೆ ರೆಕ್ಕೆಯುಳ್ಳ ಚಕ್ರದ ಫಲಕ ಹಾಕಿಸುತ್ತಿತ್ತು. ಕೆಲವು ಹಳೆಯ ಗೋಡೆಗಳಲ್ಲಿ ಈ ಫಲಕಗಳನ್ನು ಇಂದಿಗೂ ಕಾಣಬಹುದು. ಆದರೆ ಬಾಗಿಲು ಎಲ್ಲರಿಗೂ ಒಂದೇ ಬಗೆಯಲ್ಲಿ ತೆರೆಯುತ್ತಿರಲಿಲ್ಲ. 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬ ಶ್ರೀಮಂತ ಮಹಿಳೆ ರಿಪ್ಲಿಗೆ ಹತ್ತಿರದ ಒಕ್ಹಂನ 'ಹಾಟ್‌ಬಾಯ್' ಹೋಟೆಲಿಗೆ ಸೈಕಲ್ ಮೇಲೆ ಬಂದರು. ಉದ್ದ ಲಂಗದ ಬದಲು ಅವರು ತೊಟ್ಟಿದ್ದು ದೊಗಳೆ ಚಡ್ಡಿ. ಒಡತಿ ಅವರನ್ನು ಕಾಫಿ ಕೋಣೆಗೆ ಬಿಡಲೊಪ್ಪದೆ, ಬೇಕಾದರೆ ಬಾರ್ ಪಕ್ಕದ ಕೋಣೆಯಲ್ಲಿ ಊಟ ಕೊಡುವೆನೆಂದರು. ಸಂಘ ಮೊಕದ್ದಮೆ ಹೂಡಿತು. 1899ರಲ್ಲಿ ತೀರ್ಪು ಬಂದದ್ದು ಒಡತಿಯ ಪರವಾಗಿ! ಬೇರೆ ಕೋಣೆಯಲ್ಲಿ ಊಟ ಕೊಡಲು ಒಪ್ಪಿದ್ದರಿಂದ ನಿರಾಕರಿಸಿದಂತಾಗಲಿಲ್ಲ ಎಂಬ ವಾದ ಗೆದ್ದಿತು. ಬೇರೆ ಲೋಟ, ಬೇರೆ ಜಗಲಿ ನೋಡಿದ ನಮ್ಮ ಊರುಗಳಿಗೆ ಈ ತರ್ಕ ಹೊಸದೇನಲ್ಲ.

ನೋಡಲೇಬೇಕಾದ ಒಂದು ಪಬ್ ಹೇಳುವುದಾದರೆ ವೂಸ್ಟರ್‌ಶೈರ್‌ನ ಬ್ರೆಟ್‌ಫೋರ್ಟನ್ ಹಳ್ಳಿಯ 'ಫ್ಲೀಸ್ ಇನ್'. ಈವ್‌ಶಂ ರೈಲು ನಿಲ್ದಾಣದಿಂದ ಕೆಲವೇ ಮೈಲಿ, ಅದೂ ಹೆಚ್ಚು ಏರಿಲ್ಲದ ದಾರಿ. ಮೂಲತಃ ಮಧ್ಯಯುಗದ ರೈತನ ಮನೆ. 1848ರಲ್ಲಿ ಪಬ್ ಆಯಿತು. ಒಂದೇ ಮನೆತನದ ಕೈಯಲ್ಲಿದ್ದ ಇದನ್ನು ಕೊನೆಯ ಒಡತಿ ಲೋಲಾ ಟ್ಯಾಪ್ಲಿನ್ 1977ರಲ್ಲಿ ತೀರಿಕೊಂಡಾಗ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದರು. ಆಲೂಗಡ್ಡೆ ಚಿಪ್ಸ್ ಪೊಟ್ಟಣ ಮಾತ್ರ ಇಲ್ಲಿ ಮಾರಕೂಡದು ಎಂಬುದು ಆಕೆಯ ಷರತ್ತಾಗಿತ್ತೆಂದು ಹೇಳುತ್ತಾರೆ. ಒಲೆಯ ಮುಂದಿನ ಕಲ್ಲುನೆಲದಲ್ಲಿ ಬಿಳಿ ವೃತ್ತಗಳಿವೆ. ಹೊಗೆಗೂಡಿನಿಂದ ಮಾಟಗಾತಿ ಇಳಿಯದಿರಲೆಂದು ಬಳಿದವು. ಹೊಸ್ತಿಲಿಗೆ ರಂಗೋಲಿ ಎಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2004ರಲ್ಲಿ ಬೆಂಕಿ ಬಿದ್ದು ಮಾಡು ಸುಟ್ಟಿತು, 2005ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು. ಸುತ್ತಲಿನ ಹೊಲಗಳ ಬೆಳೆ ಆಸ್ಪರಾಗಸ್, ಅಂದರೆ ಶತಾವರಿ ಜಾತಿಯ ಎಳೆ ದಂಟಿನ ತರಕಾರಿ. ಏಪ್ರಿಲ್‌ನಿಂದ ಜೂನ್‌ವರೆಗೆ ಅದರ ಸುಗ್ಗಿ. ಆ ದಿನಗಳಲ್ಲಿ ಹೋದವರಿಗೆ ತಟ್ಟೆಯಲ್ಲಿ ಅದೂ ಸಿಗುತ್ತದೆ.

ಇಂತಹ ಮನೆಗಳು ಈಗ ಒಂದೊಂದಾಗಿ ಮುಚ್ಚುತ್ತಿವೆ. ಬ್ರಿಟನ್ನಿನಲ್ಲಿ 2000ದ ಸುಮಾರಿಗೆ 60 ಸಾವಿರದಷ್ಟಿದ್ದ ಪಬ್‌ಗಳು ಇಂದು 45 ಸಾವಿರದ ಆಸುಪಾಸಿಗೆ ಇಳಿದಿವೆ. ಕಾರಣ ಒಂದೇ ಅಲ್ಲ. ಮಾರುಕಟ್ಟೆಯಲ್ಲಿ ಅಗ್ಗದ ಬಿಯರ್ ಸಿಗುತ್ತದೆ, ಹಳೆಯ ಕಟ್ಟಡವನ್ನು ಮನೆಯಾಗಿ ಮಾರಿದರೆ ಹೆಚ್ಚು ಹಣ ಬರುತ್ತದೆ, 2020ರ ಕೊರೋನಾ ಬೀಗವೂ ಪೆಟ್ಟು ಕೊಟ್ಟಿತು. ಹಳ್ಳಿಗಳಿಗೆ ಇನ್ನೊಂದು ಕಾರಣವಿದೆ. 1967ರಲ್ಲಿ ಚಾಲಕರ ಉಸಿರು ಪರೀಕ್ಷಿಸುವ ಕಾನೂನು ಬಂತು. ಅದು ಜೀವ ಉಳಿಸಿದ ಕಾನೂನು, ಆಕ್ಷೇಪಿಸುವಂತಿಲ್ಲ. ಆದರೆ ಬಸ್ಸಿಲ್ಲದ ಊರಿನ ಪಬ್‌ಗೆ ಕಾರಿನಲ್ಲಿ ಬರುವವರು ಎರಡನೇ ಲೋಟ ಕೇಳದಂತಾದರು.

ಸೈಕಲ್ ಆದರೆ ಎಷ್ಟು ಬೇಕಾದರೂ ಕುಡಿಯಬಹುದು ಎಂದುಕೊಂಡರೆ ತಪ್ಪು. 1988ರ ರಸ್ತೆ ಸಂಚಾರ ಕಾಯ್ದೆಯಂತೆ ಅಮಲಿನಲ್ಲಿ ಹಿಡಿತ ತಪ್ಪಿ ಸೈಕಲ್ ಓಡಿಸುವುದು ಅಪರಾಧ. ದಂಡ ಒಂದು ಸಾವಿರ ಪೌಂಡ್‌ವರೆಗೆ. ಬಿಯರ್‌ನ ಒಂದು ಪೈಂಟ್ ಎಂದರೆ 568 ಮಿಲಿಲೀಟರ್. ಅರ್ಧ ಪೈಂಟ್ ಕೇಳಿದರೆ ಯಾರೂ ನಗುವುದಿಲ್ಲ, ನಿಂಬೆ ಪಾನಕ ಕೇಳಿದರೂ ನಗುವುದಿಲ್ಲ.

ಉಳಿಸಿಕೊಳ್ಳುವ ದಾರಿಯೂ ಇದೆ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರು 2003ರಲ್ಲಿ ಸಹಕಾರ ಸಂಘ ಕಟ್ಟಿ ತಮ್ಮ 'ಓಲ್ಡ್ ಕ್ರೌನ್' ಪಬ್ಬನ್ನು ತಾವೇ ಕೊಂಡರು. 2011ರ ಕಾಯ್ದೆಯ ನಂತರ ಇಂಗ್ಲೆಂಡಿನ ಊರಿನವರು ಪಬ್ಬನ್ನು 'ಸಮುದಾಯದ ಆಸ್ತಿ' ಎಂದು ನೋಂದಾಯಿಸಬಹುದು. ಮಾಲೀಕ ಮಾರಲು ಹೊರಟರೆ, ತಾವು ಕೊಳ್ಳುತ್ತೇವೆಂದು ತಿಳಿಸಿ ಹಣ ಹೊಂದಿಸಿಕೊಳ್ಳಲು ಅವರಿಗೆ ಆರು ತಿಂಗಳ ಕಾಲಾವಕಾಶ ಕೇಳುವ ಹಕ್ಕನ್ನು ಆ ಕಾಯ್ದೆ ಕೊಟ್ಟಿತು. ಮಾಲೀಕ ಅವರಿಗೇ ಮಾರಬೇಕೆಂಬ ಕಟ್ಟಳೆ ಮಾತ್ರ ಆ ಕಾಯ್ದೆಯಲ್ಲಿರಲಿಲ್ಲ.

ಮಕ್ಕಳನ್ನು ನೋಡಲು ಅತ್ತ ಹೋಗುವ ನಮ್ಮವರೂ ಒಮ್ಮೆ ಬಾಡಿಗೆ ಸೈಕಲ್ ಹಿಡಿದು ಹೊರಡಬಹುದು. ಆರ್ಡ್ನೆನ್ಸ್ ಸರ್ವೆಯ ನಕ್ಷೆಯಲ್ಲಿ ಪಬ್‌ಗಳ ಗುರುತಿರುತ್ತದೆ. ಕುದುರೆ ಹಾದಿಗಳಲ್ಲಿ ಸೈಕಲ್‌ಗೆ 1968ರಿಂದ ಅನುಮತಿಯಿದೆ. ಕಾಲುದಾರಿಗಳಲ್ಲಿ ಹಾಗಿಲ್ಲ. ಮೇಜಿನ ಬಳಿ ಮಾಣಿ ಬರುವನೆಂದು ಕಾಯಬಾರದು, ಕೌಂಟರಿಗೇ ಹೋಗಿ ಕೇಳಿ ತರಬೇಕು. ಎಷ್ಟೋ ಹಳ್ಳಿ ಪಬ್‌ಗಳು ಸೋಮವಾರ ಮುಚ್ಚಿರುತ್ತವೆ, ಅಡುಗೆಮನೆ ಮಧ್ಯಾಹ್ನ ಎರಡರ ಹೊತ್ತಿಗೇ ನಿಲ್ಲುವುದೂ ಉಂಟು. ಹೊರಡುವ ಮುನ್ನ ಫೋನ್ ಮಾಡಿ ಕೇಳಿಕೊಂಡರೆ ಹಸಿದ ಹೊಟ್ಟೆಯಲ್ಲಿ ವಾಪಸು ತುಳಿಯುವುದು ತಪ್ಪುತ್ತದೆ.