ಅರವತ್ತನಾಲ್ಕನೆಯ ಸೋಲು

1977ರ ಅಕ್ಟೋಬರ್ ತಿಂಗಳ ಆರಂಭ. ಅಮೆರಿಕದ ಬೋಸ್ಟನ್ ನಗರದ ಫೆನ್ವೇ ಪಾರ್ಕ್ ಮೈದಾನದಲ್ಲಿ ಆ ವರ್ಷದ ಕೊನೆಯ ಬೇಸ್‌ಬಾಲ್ ಪಂದ್ಯ. ಊರಿನ ತಂಡವಾದ ರೆಡ್ ಸಾಕ್ಸ್, ಬಾಲ್ಟಿಮೋರ್ ಓರಿಯೋಲ್ಸ್ ತಂಡಕ್ಕಿಂತ ಒಂದೇ ಓಟ ಹಿಂದಿತ್ತು. ದಾಂಡಿಗ ಜಿಮ್ ರೈಸ್ ಹೊಡೆದ ಚೆಂಡು ಮೇಲೇರಿ, ಇಳಿದು, ಎದುರಾಳಿಯ ಕೈಸೇರಿತು. 8–7. ಆ ವರ್ಷ 97 ಪಂದ್ಯಗಳನ್ನು ಗೆದ್ದಿದ್ದ ತಂಡಕ್ಕೆ ಅದು ಅರವತ್ತನಾಲ್ಕನೆಯ ಸೋಲು. ವಿಭಾಗದ ಅಗ್ರಸ್ಥಾನ ನ್ಯೂಯಾರ್ಕ್ ಯಾಂಕೀಸ್ ಪಾಲಾಯಿತು.

ಲೆಕ್ಕದ ಪುಸ್ತಕದಲ್ಲಿ ಹುದುಗಿಹೋಗಬೇಕಿದ್ದ ಆ ಸೋಲು ಇಂದಿಗೂ ನೆನಪಿನಲ್ಲಿ ಉಳಿದಿರುವುದು ಒಬ್ಬ ಅಭಿಮಾನಿಯ ದೆಸೆಯಿಂದ. ಆತ ಬಾರ್ಟ್ಲೆಟ್ ಜಿಯಾಮಟ್ಟಿ. ಯೇಲ್ ವಿಶ್ವವಿದ್ಯಾನಿಲಯದ ಸಾಹಿತ್ಯ ಪ್ರಾಧ್ಯಾಪಕರು, ಆಗ 39ರ ವಯಸ್ಸು. ಮರುತಿಂಗಳು ಯೇಲ್‌ನ ಹಳೆ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಅವರ ಪುಟ್ಟ ಪ್ರಬಂಧವೊಂದು ಪ್ರಕಟವಾಯಿತು. ‘ಮನಸ್ಸಿನ ಹಸಿರು ಬಯಲುಗಳು’ ಎಂಬುದು ಅದರ ಹೆಸರಿನ ಅರ್ಥ.

2023ರ ನವೆಂಬರ್ 19ರ ರಾತ್ರಿ, ಸತತ ಹತ್ತು ಪಂದ್ಯ ಗೆದ್ದು ಬಂದ ಭಾರತ ಅಹಮದಾಬಾದಿನಲ್ಲಿ ಸೋತಾಗ ಮಕ್ಕಳು ಊಟ ಮುಟ್ಟದೆ ಮಲಗಿದ ಮನೆಗಳಿಗೆ ಸೋಲೆಂದರೇನೆಂದು ವಿವರಿಸಬೇಕಾಗಿಲ್ಲ. ಆದರೆ ಅಂದು ಕೈತಪ್ಪಿದ್ದು ಕಪ್. ಜಿಯಾಮಟ್ಟಿಯವರು ಬರೆದ ನಷ್ಟ ಬೇರೆಯದು. ಬೇಸ್‌ಬಾಲ್ ತಂಡವೊಂದು ವರ್ಷಕ್ಕೆ 162 ಪಂದ್ಯಗಳನ್ನು ಆಡುತ್ತದೆ. ವಸಂತದಲ್ಲಿ ತೊಡಗಿ, ಬೇಸಿಗೆಯುದ್ದಕ್ಕೂ ಹೆಚ್ಚುಕಡಿಮೆ ದಿನವೂ ಆಟ. ದಿನವೂ ರೇಡಿಯೊದ ಅದೇ ಪರಿಚಿತ ಧ್ವನಿ. ಎಲೆ ಉದುರುವ ಕಾಲಕ್ಕೆ ಅದು ಥಟ್ಟನೆ ನಿಂತುಬಿಡುತ್ತದೆ. ಚಳಿ ಮುಂದಿದೆ, ಜೊತೆಗಾರ ಇಲ್ಲ. ಗೆದ್ದ ಊರಿಗಾದರೆ ಮೆಲುಕು ಹಾಕಲು ಏನಾದರೂ ಉಳಿಯುತ್ತದೆ. ಸೋತವರಿಗೆ ಬರಿಯ ಮೌನ. ಕ್ರೀಡಾಪುಟಗಳ ಅಂಕಿಅಂಶಗಳ ನಡುವೆ ಕಾಣಸಿಗದ ಮಾತಿದು.

ಇಂಥದೊಂದು ಬರಹ ಅವರಿಂದಲೇ ಬಂದದ್ದು ಆಕಸ್ಮಿಕವಲ್ಲ. ಅವರ ಮೊದಲ ವಿದ್ವತ್ ಗ್ರಂಥದ ವಸುವೇ ಯುರೋಪಿನ ಮಹಾಕಾವ್ಯಗಳಲ್ಲಿ ಬರುವ ಭೂಲೋಕದ ಸ್ವರ್ಗೋದ್ಯಾನ. ಕಳೆದುಹೋದ ತೋಟಗಳ ಕಾವ್ಯವನ್ನು ಓದಿ ಪಳಗಿದ ಕಣ್ಣಿಗೆ, ಪಟ್ಟಣದ ನಡುವೆ ಗೋಡೆ ಕಟ್ಟಿ ಕಾಪಾಡಿದ ಹಸಿರು ಮೈದಾನ ಬೇರೇನಾಗಿ ಕಂಡೀತು?

ಅವರದು ಸೋಲನ್ನು ತಾಳಿಕೊಂಡ ಅಭಿಮಾನ. ತಾಳಲಾರದ ಅಭಿಮಾನ ಹೇಗಿರುತ್ತದೆಂಬುದನ್ನು ಅದೇ ಬೋಸ್ಟನ್ ಒಂಬತ್ತು ವರ್ಷಗಳ ಬಳಿಕ ತೋರಿಸಿತು. ಈ ಆಟದಲ್ಲಿ ಓವರುಗಳ ಮಿತಿಯಿಲ್ಲ, ಆಗ ಗಡಿಯಾರದ ಹಂಗೂ ಇರಲಿಲ್ಲ. ಕೊನೆಯ ಔಟ್ ಬೀಳುವ ತನಕ ಸೋಲುವವನಿಗೂ ಬಾಗಿಲು ತೆರೆದೇ ಇರುತ್ತದೆ. 1986ರ ಅಕ್ಟೋಬರ್ 25ರಂದು ನ್ಯೂಯಾರ್ಕ್ ಮೆಟ್ಸ್ ವಿರುದ್ಧದ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯದಲ್ಲಿ, ಹತ್ತನೆಯ ಇನ್ನಿಂಗ್ಸಿನಲ್ಲಿ ರೆಡ್ ಸಾಕ್ಸ್ 5–3ರಿಂದ ಮುಂದಿತ್ತು. 1918ರ ಬಳಿಕದ ಮೊದಲ ಪ್ರಶಸ್ತಿಗೆ ಬೇಕಿದ್ದದ್ದು ಇನ್ನೊಂದೇ ಔಟ್. ಅದು ಬೀಳಲಿಲ್ಲ. ಅಂಕ ಸಮವಾಯಿತು, ಆಮೇಲೆ ನಿಧಾನವಾಗಿ ಉರುಳಿಬಂದ ಚೆಂಡು, ಮೊದಲ ಬೇಸ್ ಕಾಯುತ್ತಿದ್ದ ಬಿಲ್ ಬಕ್ನರ್ ಅವರ ಕಾಲುಗಳ ನಡುವಿನಿಂದ ನುಸುಳಿಹೋಯಿತು.

ಚೆಂಡು ಬರುವ ಮೊದಲೇ ಮುನ್ನಡೆ ಕರಗಿಹೋಗಿತ್ತು. ಎರಡು ದಿನಗಳ ಬಳಿಕ ಏಳನೆಯ ಪಂದ್ಯವೂ ಇತ್ತು. ಅದರಲ್ಲಿ 3–0ರಿಂದ ಮುಂದಿದ್ದೂ ತಂಡ ಸೋತಿತು. ಇದೆಲ್ಲವನ್ನೂ ಬದಿಗೊತ್ತಿ, ಕಾಲುನೋವಿನಲ್ಲೇ ಆಡುತ್ತಿದ್ದ ಒಬ್ಬನ ತಲೆಗೆ ಇಡೀ ಊರು ಸೋಲನ್ನು ಕಟ್ಟಿತು. ವೃತ್ತಿಜೀವನದಲ್ಲಿ 2,700ಕ್ಕೂ ಹೆಚ್ಚು ಹಿಟ್‌ಗಳನ್ನು ಗಳಿಸಿದ ಆಟಗಾರ ಆತ. ಆದರೂ ಹಂಗಿಸುವವರು ಬಿಡಲಿಲ್ಲ. ಕಡೆಗೆ ಕುಟುಂಬ ದೂರದ ಐಡಹೊ ರಾಜ್ಯಕ್ಕೆ ಹೋಗಿ ನೆಲೆಸಿತು. ಅಭಿಮಾನವೆಂಬ ಹೆಸರಿನಲ್ಲಿ ನಡೆದ ಈ ಕ್ರೌರ್ಯಕ್ಕೆ ಸಮರ್ಥನೆಯಿಲ್ಲ.

ಜಿಯಾಮಟ್ಟಿ ಮುಂದೆ ಯೇಲ್‌ನ ಅಧ್ಯಕ್ಷರಾದರು. 1989ರಲ್ಲಿ ಇಡೀ ಬೇಸ್‌ಬಾಲ್‌ನ ಕಮಿಷನರ್ ಕೂಡ. ಅಧಿಕಾರ ವಹಿಸಿಕೊಂಡ ಐದೇ ತಿಂಗಳಿಗೆ, ಸೆಪ್ಟೆಂಬರ್ 1ರಂದು, ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 51. ತಾವು ಹಚ್ಚಿಕೊಂಡ ತಂಡ ಗೆದ್ದದ್ದನ್ನು ನೋಡಲು ಅವರಿಗೆ ಆಯುಸ್ಸು ಸಾಲಲಿಲ್ಲ. ಆ ಗೆಲುವು ಬಂದದ್ದು 2004ರಲ್ಲಿ, 86 ವರ್ಷಗಳ ಬಳಿಕ. ಆ ಅಕ್ಟೋಬರಿನಲ್ಲಿ ಅನೇಕರು ಮೆರವಣಿಗೆಗೆ ಮಾತ್ರವಲ್ಲ, ಸ್ಮಶಾನಗಳಿಗೂ ಹೋದರು. ಕಾದು ಕಾದು ಕಣ್ಮುಚ್ಚಿದ ತಂದೆತಾಯಿ, ಅಜ್ಜ ಅಜ್ಜಿಯರ ಸಮಾಧಿಗಳ ಮೇಲೆ ತಂಡದ ಟೋಪಿಯನ್ನೂ ಗೆಲುವಿನ ಸುದ್ದಿ ಹೊತ್ತ ಪತ್ರಿಕೆಯನ್ನೂ ಇಟ್ಟು ಬಂದರು.

2008ರ ಏಪ್ರಿಲ್ 8ರಂದು ಋತುವಿನ ಮೊದಲ ತವರು ಪಂದ್ಯಕ್ಕೆ ಗೌರವದ ಮೊದಲ ಎಸೆತ ಎಸೆಯಲು ಬಕ್ನರ್ ಫೆನ್ವೇ ಪಾರ್ಕ್‌ಗೆ ಬಂದರು. ಮೈದಾನದ ಎಡಗೋಡೆಯ ಬಳಿಯಿಂದ ನಡುವಿನವರೆಗೆ ಒಬ್ಬರೇ ನಡೆದು ಬರುವಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಲೇ ಇದ್ದರು. ಬಕ್ನರ್ ಕಣ್ಣೊರೆಸಿಕೊಂಡು ಚೆಂಡೆಸೆದರು. ಹಿಡಿದವರು ಡ್ವೈಟ್ ಇವಾನ್ಸ್. 1986ರ ಅದೇ ತಂಡದವರು.