ಎಸೆದ ಕಲ್ಲಿನ ಲೆಕ್ಕ

ಕಾಸರಗೋಡಿನ ನಮ್ಮ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಹೈಯರ್ ಸೆಕೆಂಡರಿಯಲ್ಲಿ ವಿಜ್ಞಾನವನ್ನು ಆರಿಸಿಕೊಂಡಾಗ ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಎದುರಿಸಬೇಕಾಗುತ್ತದೆ. ಆರಂಭದ ಪಾಠಗಳಲ್ಲೇ ಬರುವ ‘ಪ್ರೊಜೆಕ್ಟೈಲ್ ಮೋಷನ್’ ಎಂಬ ಹೆಸರನ್ನು ಕೇಳಿಯೇ ಎಷ್ಟೋ ಮಕ್ಕಳು ಧೈರ್ಯಗೆಡುತ್ತಾರೆ. “ಇವಳಿಗೆ ವಿಜ್ಞಾನ ಒಗ್ಗದು, ಕಾಮರ್ಸಿಗೆ ಸೇರಿಸೋಣ” ಎಂಬ ಮಾತು ಮನೆಗಳಲ್ಲಿ ಹುಟ್ಟುವುದೂ ಸಾಮಾನ್ಯವಾಗಿ ಈ ಸಮಯದಲ್ಲಿಯೇ. ಹಾಗೆ ತೀರ್ಮಾನಿಸುವ ಮುನ್ನ ಹೆತ್ತವರು ಈ ಲೇಖನವನ್ನು ಮಗುವಿನ ಜೊತೆ ಕುಳಿತು ಓದಬೇಕೆಂದು ನನ್ನ ಬಿನ್ನಹ. ಮಗುವನ್ನು ಹೆದರಿಸಿದ್ದು ಬಹುಮಟ್ಟಿಗೆ ಭಾಷೆಯೇ ಹೊರತು ವಿಷಯವಲ್ಲ.

ಪ್ರೊಜೆಕ್ಟೈಲ್ ಎಂದರೆ ಎಸೆದ ವಸ್ತು, ಅಷ್ಟೆ. ಮಾವಿನಕಾಯಿಗೆ ಬೀಸಿದ ಕಲ್ಲು, ಬ್ಯಾಟಿನಿಂದ ಚಿಮ್ಮಿದ ಚೆಂಡು ಎಲ್ಲವೂ ಅದೇ. ಇಟಲಿಯ ಗೆಲಿಲಿಯೊ 1638ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದರ ಗುಟ್ಟನ್ನು ಬಿಡಿಸಿಟ್ಟನು. ಎಸೆದ ವಸ್ತುವಿಗೆ ಏಕಕಾಲಕ್ಕೆ ಎರಡು ಚಲನೆಗಳಿವೆ. ಅಡ್ಡಲಾಗಿ ಸಾಗುವ ಚಲನೆಯಲ್ಲಿ ವೇಗ ಬದಲಾಗುವುದಿಲ್ಲ. ಮೇಲೆ ಕೆಳಗಿನ ಚಲನೆಯಲ್ಲಿ ಗುರುತ್ವಾಕರ್ಷಣೆಯಿಂದ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಒಂದು ಇನ್ನೊಂದರ ಗೊಡವೆಗೆ ಹೋಗುವುದಿಲ್ಲ. ಇವೆರಡೂ ಕೂಡಿದಾಗ ಉಂಟಾಗುವ ಬಾಗಿದ ದಾರಿಯೇ ಪರವಲಯ.

20 ಮೀಟರ್ ಎತ್ತರದ ಅಡಕೆ ಮರದ ತುದಿಯಿಂದ ಒಂದು ಅಡಕೆಯನ್ನು ಸುಮ್ಮನೆ ಕೈಬಿಟ್ಟು, ಅದೇ ಕ್ಷಣದಲ್ಲಿ ಇನ್ನೊಂದನ್ನು ಸೆಕೆಂಡಿಗೆ 10 ಮೀಟರ್ ವೇಗದಿಂದ ನೇರ ಅಡ್ಡಕ್ಕೆ ಎಸೆದರೆಂದು ಭಾವಿಸೋಣ. ಮೊದಲು ನೆಲ ಮುಟ್ಟುವುದು ಯಾವುದು? ಗಾಳಿಯ ತಡೆಯನ್ನು ಬದಿಗಿಟ್ಟರೆ ಎರಡೂ ಒಟ್ಟಿಗೇ ಮುಟ್ಟುತ್ತವೆ. ತರಗತಿಯಲ್ಲಿ ಈ ಉತ್ತರವನ್ನು ಒಪ್ಪಿಸುವುದು ಸುಲಭವಲ್ಲ. ಮೇಜಿನ ಅಂಚಿನಿಂದ ಎರಡು ನಾಣ್ಯಗಳನ್ನು ಹೀಗೆ ಬೀಳಿಸಿ ಸದ್ದನ್ನು ಕೇಳಿಸಿದರೆ ಮಾತ್ರ ಮಕ್ಕಳು ನಂಬುತ್ತಾರೆ.

ಇನ್ನು ಲೆಕ್ಕ. ಹಾಳೆಯ ನಡುವೆ ಗೆರೆ ಎಳೆದು, ಒಂದು ಬದಿಗೆ ‘ಅಡ್ಡ’, ಇನ್ನೊಂದು ಬದಿಗೆ ‘ನೆಟ್ಟಗೆ’ ಎಂದು ಬರೆಯಲಿ. ಗುರುತ್ವದ ವೇಗೋತ್ಕರ್ಷ 9.8, ಸುಲಭಕ್ಕಾಗಿ 10 ಎಂದು ಹಿಡಿಯೋಣ. ಬಿದ್ದ ದೂರವು ವೇಗೋತ್ಕರ್ಷದ ಅರ್ಧವನ್ನು ಸಮಯದ ವರ್ಗದಿಂದ ಗುಣಿಸಿದಷ್ಟು. ಆದ್ದರಿಂದ ‘ನೆಟ್ಟಗೆ’ ಬದಿಯಲ್ಲಿ 20 ಮೀಟರ್ ಎಂಬುದು 5ನ್ನು ಸಮಯದ ವರ್ಗದಿಂದ ಗುಣಿಸಿದ್ದಕ್ಕೆ ಸಮ. ವರ್ಗ 4, ಸಮಯ 2 ಸೆಕೆಂಡು. ಆ 2 ಸೆಕೆಂಡನ್ನು ‘ಅಡ್ಡ’ ಬದಿಗೆ ಒಯ್ದರೆ, ಎಸೆದ ಅಡಕೆ ಮರದ ಬುಡದಿಂದ 20 ಮೀಟರ್ ಆಚೆ ಬಿದ್ದಿರುತ್ತದೆ. ಎರಡು ಬದಿಗಳಿಗೂ ಸೇತುವೆ ಸಮಯವೊಂದೇ. ಭೌತಶಾಸ್ತ್ರ ಓದದ ತಾಯಿಯೂ “ಅದು ಎಷ್ಟು ಹೊತ್ತು ಗಾಳಿಯಲ್ಲಿತ್ತು, ಮಗಾ?” ಎಂದು ಕೇಳಿದರೆ ಸಾಕು, ಮಗುವಿಗೆ ದಾರಿ ತೋರುತ್ತದೆ.

ಓರೆಯಾಗಿ ಎಸೆದಾಗ ಒಂದು ಹೆಜ್ಜೆ ಹೆಚ್ಚು. ಸೆಕೆಂಡಿಗೆ 20 ಮೀಟರ್ ವೇಗದಿಂದ, 30 ಡಿಗ್ರಿ ಕೋನದಲ್ಲಿ ನೆಲದಿಂದ ಚೆಂಡನ್ನು ಹೊಡೆದರೆ, ಮೇಲ್ಮುಖ ವೇಗ ಅದರ ಅರ್ಧ, ಅಂದರೆ 10. ಅಡ್ಡ ವೇಗ ಸುಮಾರು 17.3. ಮಕ್ಕಳು ಎಡವುವುದು ಇಲ್ಲಿಯೇ: 20ನ್ನು ಒಡೆಯದೆ ಎರಡು ಬದಿಗೂ ಬರೆದುಬಿಡುತ್ತಾರೆ. ಏರಲು 1 ಸೆಕೆಂಡು, ಇಳಿಯಲು 1 ಸೆಕೆಂಡು; ಎತ್ತರ 5 ಮೀಟರ್, ದೂರ 34.6 ಮೀಟರ್. ತುದಿಯಲ್ಲಿ ಚೆಂಡು ನಿಲ್ಲುತ್ತದೆಂಬುದು ಇನ್ನೊಂದು ಭ್ರಮೆ. ಅಲ್ಲಿ ಮೇಲ್ಮುಖ ವೇಗ ಮಾತ್ರ ಶೂನ್ಯ. ಅಡ್ಡ ವೇಗ 17.3 ಹಾಗೆಯೇ ಉಳಿದಿರುತ್ತದೆ.

ಅದೇ ವೇಗದಿಂದ 60 ಡಿಗ್ರಿಗೆ ಹೊಡೆದರೂ ಚೆಂಡು ಬೀಳುವುದು 34.6 ಮೀಟರಿಗೇ, 45 ಡಿಗ್ರಿಗಾದರೆ 40 ಮೀಟರು, ಅದೇ ಪರಮಾವಧಿ. ಶಟಲ್ ಕಾಕಿಗೆ ಈ ಲೆಕ್ಕ ಸಲ್ಲದು, ಗಾಳಿ ಅದನ್ನು ಬಲವಾಗಿ ತಡೆಯುತ್ತದೆ.

ಮಕ್ಕಳಿಗೊಂದು ಪ್ರಶ್ನೆ: ಅದೇ ಅಡಕೆಯನ್ನು ಅದೇ ಮರದಿಂದ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಅಡ್ಡಕ್ಕೆ ಎಸೆದರೆ ಎಲ್ಲಿ ಬೀಳುತ್ತದೆ? 30 ಮೀಟರ್ ಎಂದು ಬಂದರೆ ಸರಿ. ಸಮಯವನ್ನು ಹೊಸದಾಗಿ ಲೆಕ್ಕಹಾಕಬೇಕಾಗಿರಲಿಲ್ಲ ಏಕೆ ಎಂಬುದನ್ನೂ ಮನೆಯವರಿಗೆ ಕನ್ನಡದಲ್ಲಿಯೇ ವಿವರಿಸಿರಿ.